ಪಾಪದ ತಂಡಕ್ಕೆ ಎಂಟು ಗೋಲು ಹೊಡೆದರೆ ಅದೂ ಒಂದು ಗೆಲುವಾ?

ಪ್ರಶ್ನೆ: ಸರ್, ನಾನು ಕೊಡಗಿನ ಸಿದ್ದಾಪುರದ ಕಡೆಯವನು. ನಮ್ಮ ಊರಿನ ಹುಡುಗರ ಫುಟ್‌ಬಾಲ್ ತಂಡ ಈ ಸಲ ಒಂದು ಟೂರ್ನಮೆಂಟಿನಲ್ಲಿ ಲೀಗ್‌ನ ಮೂರೂ ಪಂದ್ಯ ಗೆದ್ದಿತು. 6-0, 5-0, 8-1. ಸೆಮಿಫೈನಲ್‌ನಲ್ಲಿ 0-1ರಿಂದ ಸೋತಿತು. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು, 'ಪಾಪದವರಿಗೆ ಹೊಡೆದು ಹೀರೋ ಆಗಿದ್ದರು, ಸರಿಯಾದ ತಂಡ ಸಿಕ್ಕಿದಾಗ ಬಣ್ಣ ಬಯಲಾಯ್ತು' ಅಂತ. ನನ್ನ ಅಣ್ಣನ ಮಗ ಆ ತಂಡದ ಗೋಲ್‌ಕೀಪರ್, ಹದಿನಾರು ವರ್ಷ. ಆ ಮೂರು ಗೆಲುವಿಗೆ ಬೆಲೆಯೇ ಇಲ್ವಾ ಚಿಕ್ಕಪ್ಪ ಅಂತ ಕೇಳಿದ. ಏನು ಹೇಳಬೇಕೋ ಗೊತ್ತಾಗಲಿಲ್ಲ. ಆ 8-1ರಲ್ಲಿ ಬಿದ್ದ ಒಂದು ಗೋಲು ಕೂಡ 7-0 ಇದ್ದಾಗ ಬಿದ್ದದ್ದು, ಅದಕ್ಕೂ ಅವನನ್ನೇ ಆಡಿಕೊಳ್ಳುತ್ತಿದ್ದಾರೆ.

ಉತ್ತರ: ಬೆಲೆ ಇದೆ. ಮೊದಲು ಅಷ್ಟು ಅವನಿಗೆ ಹೇಳಿಬಿಡಿ, ಉಳಿದದ್ದು ನಿಧಾನಕ್ಕೆ ಮಾತಾಡೋಣ.

ಆದರೆ ಬೆಲೆ ಇರೋದು ಗೆಲುವಿಗೆ, ಆ ಆರು, ಐದು, ಎಂಟಕ್ಕೆ ಅಲ್ಲ. ನಾನು ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು, ಹುಡುಗರನ್ನು ಆಡಿಸಿದ್ದೇನೆ, ಬಾಯಲ್ಲಿ ವಿಷಲ್ ಇಟ್ಟುಕೊಂಡು ಕೆಸರಲ್ಲಿ ಓಡಿದ್ದೇನೆ. ಒಂದು ಪಂದ್ಯದ ಬಗ್ಗೆ ಯಾರಾದರೂ ಬಂದು ಹೇಳಿದರೆ ನಾನು ಕೇಳೋದು ಒಂದೇ. 0-0 ಇದ್ದಾಗ ಹೇಗೆ ಆಡಿದರು? ಎಷ್ಟು ಹೊತ್ತು 0-0 ಇತ್ತು, ಆ ಹೊತ್ತಲ್ಲಿ ಹುಡುಗರು ಏನು ಮಾಡಿದರು, ಅಷ್ಟು ಹೇಳಿ ಸಾಕು. ಮೂರನೇ ಗೋಲು ಬಿದ್ದ ಮೇಲೆ ನಡೆಯೋದು ಹೆಚ್ಚಾಗಿ ಬರೀ ಲೆಕ್ಕ. ಎದುರಿನವರ ಕಾಲು ಸೋತಿರುತ್ತದೆ, ಅದಕ್ಕಿಂತ ಮೊದಲು ಮನಸ್ಸು ಸೋತಿರುತ್ತದೆ.

ಈಗ ನಿಮ್ಮ ಊರವರ ಮಾತಿಗೆ ಬರೋಣ. ಪಾಪದವರಿಗೆ ಹೊಡೆದರು ಅಂತಾರಲ್ಲ, ಆ ಪಾಪದವರನ್ನು ಆರಿಸಿದ್ದು ಯಾರು? ಹುಡುಗರಲ್ಲ. ಚೀಟಿ ಎತ್ತಿದರು, ಹೆಸರು ಬಂತು, ಆಡಿದರು. ಎದುರಿಗೆ ಯಾರು ನಿಲ್ಲುತ್ತಾರೆ ಅನ್ನೋದು ಆಡುವವನ ಕೈಯಲ್ಲಿಲ್ಲ. ಕೈಯಲ್ಲಿದ್ದಾಗ ಮಾತ್ರ ನಾನು ಮೂಗು ಮುರಿಯುತ್ತೇನೆ. ಗೆಲ್ಲಲೇಬೇಕು ಅಂತ ಸುಲಭದ ತಂಡವನ್ನೇ ಹುಡುಕಿ ಫ್ರೆಂಡ್ಲಿ ಆಡೋರು ಇದ್ದಾರೆ. ಹೊನಲು ಬೆಳಕಿನ ಸೆವೆನ್ಸ್ ಪಂದ್ಯಾವಳಿಗಳಲ್ಲಿ ನೋಡಿರುತ್ತೀರಿ, ಊರ ಹೆಸರಿನ ಜೆರ್ಸಿ ಹಾಕಿರುತ್ತಾರೆ, ಒಳಗಿರುವ ಏಳರಲ್ಲಿ ಐದು ಜನ ಗಡಿ ಆಚೆಯಿಂದ ದುಡ್ಡು ಕೊಟ್ಟು ಕರೆಸಿದ ಗೆಸ್ಟ್ ಆಟಗಾರರು. ಎದುರಿಗೆ ತೋಟದ ಕಾರ್ಮಿಕರ ಲೈನ್‌ಮನೆ ಹುಡುಗರು, ಅರ್ಧ ಜನಕ್ಕೆ ಬೂಟಿಲ್ಲ. ಅಲ್ಲಿ ಆರು ಗೋಲು ಹೊಡೆದು ಪಟಾಕಿ ಸಿಡಿಸಿದರೆ ನಾನು ಚಪ್ಪಾಳೆ ತಟ್ಟಲ್ಲ. ನಿಮ್ಮ ಹುಡುಗರದು ಆ ಥರದ್ದಲ್ಲ ಅಲ್ವಾ?

ಬಲ ಇಲ್ಲದ ತಂಡ ಅನ್ನೋದಕ್ಕೂ ಒಂದು ಕಾರಣ ಇರುತ್ತದೆ, ಅದನ್ನೂ ಸ್ವಲ್ಪ ನೋಡಬೇಕು. ಡಿಸೆಂಬರ್ ಜನವರಿಯಲ್ಲಿ ಕಾಫಿ ಕುಯ್ಲು. ಆಗ ಟೂರ್ನಮೆಂಟ್ ಇಟ್ಟರೆ ಎಷ್ಟೋ ತಂಡಕ್ಕೆ ಹನ್ನೊಂದು ಜನ ಸೇರೋದೇ ಕಷ್ಟ. ಮಳೆಗಾಲದಲ್ಲಿ ಇಟ್ಟರೆ ಒಳಗಿನ ಊರಿನವರಿಗೆ ಪ್ರಾಕ್ಟೀಸ್‌ಗೆ ಜಾಗ ಇಲ್ಲ, ಗದ್ದೆಯಲ್ಲಿ ನೀರು, ಶಾಲೆ ಮೈದಾನದಲ್ಲಿ ಜಾರಿಕೆ. ಅಂಥವರು ಜೀಪಿನಲ್ಲಿ ಒತ್ತೊತ್ತಾಗಿ ಕೂತು ಬಂದು ಆಡಿ, ಎಂಟು ತಿಂದು, ವಾಪಸ್ ಹೋಗುವಾಗ ಒಂದು ಹೊಡೆದೆವಲ್ಲ ಅಂತ ಕುಣಿಯುತ್ತಾ ಹೋಗಿರುತ್ತಾರೆ. ಆ ಒಂದು ಗೋಲಿಗೆ ಅವರ ಊರಲ್ಲಿ ಒಂದು ವರ್ಷ ಮಾತು ನಡೆಯುತ್ತದೆ.

ನಾವು ಹಾಕಿ ನಾಡಿನವರು, ನಮಗೆ ಇದು ಹೊಸದಾಗಿ ಕಲಿಯಬೇಕಾದ ಪಾಠ ಅಲ್ಲ. ಕೊಡವ ಕುಟುಂಬಗಳ ಹಾಕಿ ನೋಡಿ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಶುರು ಮಾಡಿದಾಗ 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ 360. ಅಷ್ಟೂ ತಂಡ ಒಂದೇ ಮಟ್ಟದಲ್ಲಿರೋಕೆ ಸಾಧ್ಯವಾ? ಒಂದು ಮನೆತನದಲ್ಲಿ ರಾಜ್ಯ ತಂಡಕ್ಕೆ ಆಡಿದ ಹುಡುಗರಿರುತ್ತಾರೆ. ಇನ್ನೊಂದರಲ್ಲಿ ತಾತ, ಮೊಮ್ಮಗ, ಬೆಂಗಳೂರಿಂದ ರಜೆ ಹಾಕಿ ಬಂದ ಮಗಳು, ಎಲ್ಲರೂ ಸೇರಿ ಹನ್ನೊಂದು. ಮೊದಲ ಸುತ್ತಿನಲ್ಲಿ ಗೋಲುಗಳ ಮಳೆಯೇ ಸುರಿಯುತ್ತದೆ. ಗೆದ್ದವರನ್ನು ಅಲ್ಲಿ ಯಾರೂ ಆಡಿಕೊಳ್ಳಲ್ಲ, ಸೋತವರನ್ನೂ ಆಡಿಕೊಳ್ಳಲ್ಲ. ಮುಂದಿನ ಸುತ್ತಿಗೆ ಹೋಗಲು ಆ ಪಂದ್ಯ ಗೆಲ್ಲಬೇಕು, ಗೆದ್ದರು, ಮುಗಿಯಿತು. ಫುಟ್‌ಬಾಲ್‌ಗೆ ಬಂದ ಕೂಡಲೇ ನಮ್ಮ ಜನಕ್ಕೆ ಏನಾಗುತ್ತದೋ ಗೊತ್ತಿಲ್ಲ, ಟಿವಿಯಲ್ಲಿ ಇಂಗ್ಲೆಂಡಿನ ಲೀಗ್ ನೋಡಿ ನೋಡಿ ಎಲ್ಲರೂ ಪಂಡಿತರಾಗಿದ್ದಾರೆ.

ಇನ್ನೊಂದು. 'ಪಾಪದ ತಂಡ' ಅನ್ನೋ ಹೆಸರು ಎಷ್ಟೋ ಸಲ ಪಂದ್ಯ ಮುಗಿದ ಮೇಲೆ ಇಡೋದು. 2022ರ ಕತಾರ್ ವಿಶ್ವಕಪ್ ನೆನಪಿದೆಯಾ? ಸ್ಪೇನ್ ಮೊದಲ ಪಂದ್ಯದಲ್ಲಿ ಕೋಸ್ಟರಿಕಾಗೆ ಏಳು ಗೋಲು ಹೊಡೆಯಿತು, 7-0. ಕಪ್ ಇವರದ್ದೇ ಅಂದರು ಕೆಲವರು, ಕೋಸ್ಟರಿಕಾ ಎಂಥ ತಂಡ ಮಾರಾಯ್ರೆ, ಅದಕ್ಕೆ ಹೊಡೆದರೆ ಏನು ಬಂತು ಅಂದರು ಕೆಲವರು. ನಾಲ್ಕೇ ದಿನಕ್ಕೆ ಅದೇ ಕೋಸ್ಟರಿಕಾ ಜಪಾನನ್ನು 1-0ರಿಂದ ಸೋಲಿಸಿತು. ಆ ಜಪಾನ್ ಅಷ್ಟರಲ್ಲಿ ಜರ್ಮನಿಯನ್ನು ಸೋಲಿಸಿ ಬಂದಿತ್ತು, ಆಮೇಲೆ ಸ್ಪೇನನ್ನೂ 2-1ರಿಂದ ಸೋಲಿಸಿತು. ಸ್ಪೇನ್ ಮುಂದಿನ ಸುತ್ತಿನಲ್ಲಿ ಮೊರಾಕೊ ಎದುರು 120 ನಿಮಿಷ ಒಂದು ಗೋಲೂ ಹೊಡೆಯಲಾಗದೆ ಟೈಬ್ರೇಕರ್‌ನಲ್ಲಿ ಮೂರಕ್ಕೆ ಮೂರೂ ಪೆನಾಲ್ಟಿ ಕಳೆದುಕೊಂಡು ಮನೆಗೆ ಹೋಯಿತು. ಈಗ ಹೇಳಿ, ಇದರಲ್ಲಿ ಪಾಪದವರು ಯಾರು?

ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಕಥೆ ಇನ್ನೂ ಮಜಾ ಇದೆ. 2022ರ ಆಗಸ್ಟ್‌ನಲ್ಲಿ ಬೋರ್ನ್‌ಮತ್ ತಂಡಕ್ಕೆ 9-0 ಬಾರಿಸಿತು. ಸೋತ ತಂಡದ ಕೋಚ್ ಕೆಲಸವೇ ಹೋಯಿತು. 2023ರ ಮಾರ್ಚ್ 5ಕ್ಕೆ ಇದೇ ಲಿವರ್‌ಪೂಲ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ 7-0 ಹೊಡೆಯಿತು, ಅದು ಯಾರ ಲೆಕ್ಕದಲ್ಲೂ ಪಾಪದ ತಂಡ ಅಲ್ಲ. ಆರು ದಿನ ಬಿಟ್ಟು ಬೋರ್ನ್‌ಮತ್‌ಗೆ ಹೋಗಿ ಆಡಿತು. 0-1. ಲಿವರ್‌ಪೂಲ್‌ನ ಸಲಾ ಪೆನಾಲ್ಟಿ ಹೊರಗೆ ಹೊಡೆದ. ಹಿಂದಿನ ಒಂಬತ್ತೂ ಏಳೂ ಸೇರಿ ಆ ದಿನಕ್ಕೆ ಒಂದು ಗೋಲನ್ನೂ ಸಾಲ ಕೊಡಲಿಲ್ಲ.

ಸರಿ, ನಿಮ್ಮ ಹುಡುಗನಿಗೆ ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಲ ಇಲ್ಲದ ತಂಡವನ್ನು ಸೋಲಿಸೋದು ಸುಲಭ ಅಂತ ಹೊರಗೆ ಕಡಲೆಕಾಯಿ ತಿನ್ನುತ್ತಾ ಕೂತವರಿಗೆ ಅನಿಸುತ್ತದೆ. ಒಳಗೆ ಇಳಿದವರನ್ನು ಕೇಳಿ. ಬಲ ಇಲ್ಲ ಅಂತ ಗೊತ್ತಿರುವ ತಂಡ ಸುಮ್ನೆ ಎದೆ ಕೊಟ್ಟು ಆಡಲ್ಲ. ಹತ್ತೂ ಜನ ತಮ್ಮ ಪೆನಾಲ್ಟಿ ಬಾಕ್ಸಿನ ಮುಂದೆ ಗೋಡೆ ಕಟ್ಟುತ್ತಾರೆ. ಚೆಂಡು ಸಿಕ್ಕರೆ ದೂರ ಒದೆಯುತ್ತಾರೆ. ಆ ಗೋಡೆ ಒಡೆಯೋದು ಫುಟ್‌ಬಾಲ್‌ನಲ್ಲಿ ಅತಿ ಕಷ್ಟದ ಕೆಲಸಗಳಲ್ಲಿ ಒಂದು, ದೊಡ್ಡ ದೊಡ್ಡ ಕೋಚ್‌ಗಳಿಗೆ ನಿದ್ದೆ ಕೆಡಿಸುವ ಕೆಲಸ.

ಹೇಗೆ ಒಡೆಯುತ್ತಾರೆ? ನಡುವೆ ನುಗ್ಗಿದರೆ ಆಗಲ್ಲ, ಅಲ್ಲಿ ಕಾಲುಗಳ ಕಾಡು. ಎರಡು ಬದಿಯಲ್ಲಿ ಆಡುವ ಇಬ್ಬರು ವಿಂಗರ್‌ಗಳು ಪಕ್ಕದ ಗೆರೆಗೆ ಅಂಟಿಕೊಂಡು ನಿಲ್ಲಬೇಕು, ಆಗ ಎದುರಿನವರು ಹರಡಿಕೊಳ್ಳಲೇಬೇಕಾಗುತ್ತದೆ. ಚೆಂಡು ಈ ಕಡೆಯಿಂದ ಆ ಕಡೆಗೆ ಬೇಗ ಹೋಗಬೇಕು. ಬೇಗ ಅಂದರೆ ಎರಡೇ ಟಚ್, ಮೂರನೇ ಟಚ್ ತೆಗೆದುಕೊಂಡರೆ ಗೋಡೆ ಮತ್ತೆ ಸರಿದು ನಿಂತಿರುತ್ತದೆ. ಗೋಲಿನ ಗೆರೆವರೆಗೆ ಹೋಗಿ ಮೇಲಿಂದ ಕ್ರಾಸ್ ಹಾಕುವ ಬದಲು ಚೆಂಡನ್ನು ಹಿಂದಕ್ಕೆ, ಓಡಿ ಬರುತ್ತಿರುವವನ ಕಾಲಿಗೆ ಕೊಡಬೇಕು. ಕಟ್‌ಬ್ಯಾಕ್ ಅಂತಾರೆ. ಆ ಹೊತ್ತಿಗೆ ಡಿಫೆಂಡರ್‌ಗಳೆಲ್ಲ ತಮ್ಮ ಗೋಲಿನ ಕಡೆ ಮುಖ ಮಾಡಿ ಓಡುತ್ತಿರುತ್ತಾರೆ, ಬೆನ್ನ ಹಿಂದೆ ಏನಾಗುತ್ತಿದೆ ಅಂತ ಕಾಣಲ್ಲ. ಇಷ್ಟೆಲ್ಲ ಮಾಡುವಾಗ ಹಿಂದೆ ಇಬ್ಬರು ಮೂವರು ಎಚ್ಚರವಾಗಿ ನಿಂತಿರಬೇಕು, ಯಾಕೆಂದರೆ ದೂರ ಒದ್ದ ಒಂದು ಚೆಂಡಿನ ಹಿಂದೆ ಒಬ್ಬ ಚುರುಕು ಹುಡುಗ ಓಡಿಬಂದರೆ ಸಾಕು. ಕಾರ್ನರ್‌ಗಳನ್ನು ದಂಡ ಮಾಡಬಾರದು. ಎಲ್ಲಕ್ಕಿಂತ ಮೊದಲು ತಾಳ್ಮೆ ಬೇಕು, ಅರ್ಧ ಗಂಟೆ ಕಳೆದರೂ ಗೋಲು ಬರದಿದ್ದರೆ ಹದಿನಾರರ ಹುಡುಗರಿಗೆ ತಲೆ ಕೆಡುತ್ತದೆ, ಮೂವತ್ತು ಗಜದಿಂದ ಒದೆಯೋಕೆ ಶುರು ಮಾಡುತ್ತಾರೆ, ಚೆಂಡು ಮೈದಾನದಾಚೆ ಕಾಫಿ ಗಿಡದೊಳಗೆ. ಅದನ್ನು ಹುಡುಕಿ ತರೋಕೆ ಐದು ನಿಮಿಷ.

ಇಟಲಿಗೆ ಆದದ್ದು ಇದೇ. ದೊಡ್ಡವರ ಮಟ್ಟದಲ್ಲಿ, ಅಷ್ಟೇ. 2021ರಲ್ಲಿ ಯೂರೋಪ್ ಚಾಂಪಿಯನ್ ಆದ ತಂಡ. 2022ರ ಮಾರ್ಚ್ 24, ಪಲೆರ್ಮೊದಲ್ಲಿ, ಸ್ವಂತ ನೆಲದಲ್ಲಿ, ನಾರ್ತ್ ಮೆಸಿಡೋನಿಯಾ ಎದುರು ಆಡಿತು. ಗೋಲಿನ ಕಡೆ 32 ಸಲ ಹೊಡೆದರು. ಒಂದೂ ಒಳಗೆ ಹೋಗಲಿಲ್ಲ. ತೊಂಬತ್ತು ನಿಮಿಷ ದಾಟಿದ ಮೇಲೆ ಎದುರಿನವರು ಒಂದು ಹೊಡೆದರು. ಇಟಲಿ ವಿಶ್ವಕಪ್‌ಗೇ ಹೋಗಲಿಲ್ಲ. ಅವತ್ತು ಇಟಲಿ ಕಷ್ಟಪಟ್ಟು 1-0 ಗೆದ್ದಿದ್ದರೆ ಏನಂತಿದ್ದರು? ನಾರ್ತ್ ಮೆಸಿಡೋನಿಯಾಗೆ ಒಂದೇ ಗೋಲಾ ಅಂತ ನಗುತ್ತಿದ್ದರು. ಆ ಒಂದು ಗೋಲಿನ ಬೆಲೆ ಏನು ಅಂತ ಅದು ಬರದೇ ಹೋದಾಗ ತಿಳಿಯಿತು. 'ಹಾವು ಸಣ್ಣದಾದರೂ ದೊಡ್ಡ ದೊಣ್ಣೆಯಲ್ಲಿ ಹೊಡಿ' ಅಂತ ಹಿರಿಯರು ಹೇಳಿದ್ದು ಸುಮ್ನೆ ಅಲ್ಲ.

ನಮ್ಮ ದೇಶದ ತಂಡವನ್ನೇ ತೆಗೆದುಕೊಳ್ಳಿ. 2023ರ ಜೂನ್ 21ಕ್ಕೆ ಬೆಂಗಳೂರಿನ ಕಂಠೀರವದಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್, ಭಾರತ ಪಾಕಿಸ್ತಾನ. ಭಾರತ 4-0, ನಾಯಕ ಸುನಿಲ್ ಛೆಟ್ರಿಗೆ ಹ್ಯಾಟ್ರಿಕ್. ವಾಟ್ಸಾಪ್ ತುಂಬ ಧ್ವಜಗಳು. ಆದರೆ ಆಟ ನೋಡಿದವರಿಗೆ ಗೊತ್ತು, ಪಾಕಿಸ್ತಾನದವರು ವೀಸಾ ತಡವಾಗಿ ಪಂದ್ಯದ ದಿನವೇ ಬೆಂಗಳೂರಿಗೆ ಬಂದು ಇಳಿದಿದ್ದರು. ಮೊದಲ ಗೋಲು ಅವರ ಕೀಪರ್ ಕೈಯಾರೆ ಕೊಟ್ಟದ್ದು, ಛೆಟ್ರಿಯ ಇನ್ನೆರಡು ಪೆನಾಲ್ಟಿ. ನನ್ನ ಲೆಕ್ಕದಲ್ಲಿ ಆ ಟೂರ್ನಮೆಂಟಿನಲ್ಲಿ ಭಾರತಕ್ಕೆ ಮರ್ಯಾದೆ ತಂದದ್ದು ಆ 4-0 ಅಲ್ಲ, ಸೆಮಿಫೈನಲ್‌ನಲ್ಲಿ ಲೆಬನಾನ್ ಎದುರು, ಫೈನಲ್‌ನಲ್ಲಿ ಕುವೈತ್ ಎದುರು 120 ನಿಮಿಷ ಒದ್ದಾಡಿ ಟೈಬ್ರೇಕರ್‌ನಲ್ಲಿ ಗೆದ್ದದ್ದು. ಅಂಕಿ ನೋಡಿದರೆ ಎರಡೂ ಡ್ರಾ.

ಆಮೇಲೆ 2024ರ ಜನವರಿಯಲ್ಲಿ ಏಷ್ಯನ್ ಕಪ್. ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ್, ಸಿರಿಯಾ, ಮೂರಕ್ಕೂ ಸೋಲು, ಒಂದು ಗೋಲೂ ಇಲ್ಲ. ಆಗಲೂ ಇದೇ ಮಾತು ಬಂತು, ನೇಪಾಳ ಪಾಕಿಸ್ತಾನಕ್ಕೆ ಹೊಡೆದು ಮೆರೆದರು, ದೊಡ್ಡವರು ಸಿಕ್ಕಿದಾಗ ನೋಡಿ ಅಂತ. ಒಪ್ಪೋಣ. ಆದರೆ ನನಗೆ ಹೆಚ್ಚು ನೋವಾದದ್ದು ಆ ಮೂರು ಸೋಲಲ್ಲ. ಎರಡು ತಿಂಗಳು ಬಿಟ್ಟು ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಅಫ್ಘಾನಿಸ್ತಾನ. ರ‍್ಯಾಂಕಿಂಗ್‌ನಲ್ಲಿ ನಾವು 117, ಅವರು 158. ಮೊದಲನೆಯದು ಸೌದಿಯ ಅಭಾದಲ್ಲಿ 0-0. ಎರಡನೆಯದು ಗುವಾಹಟಿಯಲ್ಲಿ, ನಮ್ಮ ನೆಲ. ಛೆಟ್ರಿಯ 150ನೇ ಪಂದ್ಯ, ಅವನೇ ಪೆನಾಲ್ಟಿಯಲ್ಲಿ ಮುನ್ನಡೆ ಕೊಟ್ಟ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಎರಡು ಬಿಟ್ಟುಕೊಟ್ಟು 1-2ರಿಂದ ಸೋತೆವು. ಪಾಪದ ತಂಡದ ಎದುರು ಗೆಲ್ಲೋದರಲ್ಲಿ ಏನಿದೆ ಅನ್ನೋರಿಗೆ ನಾನು ಈ ಪಂದ್ಯ ತೋರಿಸುತ್ತೇನೆ. ಅವತ್ತು ಒಂದು ಕಳಪೆ 1-0 ಸಿಕ್ಕಿದ್ದರೂ ಕೈ ಮುಗಿದು ತೆಗೆದುಕೊಳ್ಳುತ್ತಿದ್ದೆ.

ಲೆಕ್ಕ ಬೇಕು ಅನ್ನೋರಿಗೆ ಫಿಫಾ ಲೆಕ್ಕವೇ ಇದೆ. 2018ರಿಂದ ರ‍್ಯಾಂಕಿಂಗ್ ಮಾಡುವ ರೀತಿ ಬದಲಾಗಿದೆ. ಎಷ್ಟು ಗೋಲು ಹೊಡೆದಿರಿ ಅನ್ನೋದು ಅದರಲ್ಲಿ ಬರೋದೇ ಇಲ್ಲ, 1-0 ಆದರೂ 9-0 ಆದರೂ ಒಂದೇ. ಎದುರಿನವರು ಎಷ್ಟು ಬಲದವರು ಅನ್ನೋದು ಬರುತ್ತದೆ. ಸರಿಸಮ ತಂಡವನ್ನು ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಸೋಲಿಸಿದರೆ ಹನ್ನೆರಡೂವರೆ ಪಾಯಿಂಟ್. ನಿಮಗಿಂತ 600 ಪಾಯಿಂಟ್ ಕೆಳಗಿರುವ ತಂಡವನ್ನು ಸೋಲಿಸಿದರೆ ಎರಡು ಚಿಲ್ಲರೆ. ಅದೇ ತಂಡದ ಎದುರು ಡ್ರಾ ಆದರೆ ಹತ್ತು ಹೋಗುತ್ತದೆ, ಸೋತರೆ ಇಪ್ಪತ್ತಮೂರರ ಹತ್ತಿರ. ಅಂದರೆ ಸಣ್ಣವರ ಎದುರು ಗೆದ್ದರೆ ಬರೋದು ಚಿಲ್ಲರೆ ಕಾಸು, ಎಡವಿದರೆ ಹೋಗೋದು ನೋಟು. ಆ ಒತ್ತಡ ಹೊತ್ತುಕೊಂಡು ಮೂರು ಪಂದ್ಯ ಎಡವದೆ ಆಡಿದ್ದಾರೆ ನಿಮ್ಮ ಹುಡುಗರು.

ಯೂರೋಪಿನವರು ಒಂದು ಹೆಜ್ಜೆ ಮುಂದೆ ಹೋಗಿದ್ದೂ ಇದೆ. 2018ರ ವಿಶ್ವಕಪ್ ಅರ್ಹತೆಯಲ್ಲಿ ಬೇರೆ ಬೇರೆ ಗುಂಪಿನ ಎರಡನೇ ಸ್ಥಾನದವರನ್ನು ಹೋಲಿಸುವಾಗ ಗುಂಪಿನ ಕೊನೆಯ ತಂಡದ ಎದುರಿನ ಫಲಿತಾಂಶಗಳನ್ನು ತೆಗೆದುಹಾಕಿ ಲೆಕ್ಕ ಹಾಕಿದರು. ನಿಮ್ಮ ಊರವರಿಗೆ ಇದು ಹೇಳಬೇಡಿ, ಹಬ್ಬ ಮಾಡುತ್ತಾರೆ.

ಆದರೆ ಗೋಲು ಎಣಿಸಲೇಬೇಕಾದ ಸಂದರ್ಭವೂ ಬರುತ್ತದೆ. 1983ರ ಡಿಸೆಂಬರ್‌ನಲ್ಲಿ ಸ್ಪೇನ್ ಯೂರೋ ಕಪ್‌ಗೆ ಹೋಗಬೇಕಾದರೆ ಮಾಲ್ಟಾವನ್ನು 11 ಗೋಲಿನ ಅಂತರದಿಂದ ಸೋಲಿಸಬೇಕಿತ್ತು. ಹಾಫ್ ಟೈಮ್‌ಗೆ 3-1. ಕೊನೆಗೆ 12-1. ಅರ್ಧ ಪಂದ್ಯದಲ್ಲಿ ಒಂಬತ್ತು ಗೋಲು! ಲೀಗ್ ಆಡುವಾಗ ಗೋಲು ಅಂತರ ಲೆಕ್ಕಕ್ಕೆ ಬರುತ್ತದೆ ಅಂತ ನಿಯಮ ಇದ್ದ ಮೇಲೆ ಆರು ಹೊಡೆದವನನ್ನು ದುರಾಸೆಯವನು ಅನ್ನೋ ಹಾಗಿಲ್ಲ. ನಿಮ್ಮ ಹುಡುಗರೂ ಆಡಿದ್ದು ಲೀಗ್.

ದೊಡ್ಡ ಅಂಕಿ ಏನನ್ನೂ ಹೇಳಲ್ಲ ಅನ್ನೋದಕ್ಕೆ ಎಲ್ಲರೂ ಕೊಡುವ ಉದಾಹರಣೆ ಆಸ್ಟ್ರೇಲಿಯಾದ್ದು. 2001ರ ಏಪ್ರಿಲ್ 11, ಅಮೆರಿಕನ್ ಸಮೋವಾ ಎದುರು 31-0. ಆರ್ಚಿ ಥಾಂಪ್ಸನ್ ಒಬ್ಬನೇ 13. ಎರಡು ದಿನ ಮೊದಲು ಟೊಂಗಾಗೆ 22. ಎರಡು ಪಂದ್ಯದಲ್ಲಿ 53 ಗೋಲು ಹೊಡೆದ ತಂಡ ಆ ವರ್ಷದ ಕೊನೆಗೆ ಉರುಗ್ವೆಗೆ ಸೋತು ವಿಶ್ವಕಪ್ ತಪ್ಪಿಸಿಕೊಂಡಿತು. ಅಮೆರಿಕನ್ ಸಮೋವಾದವರಿಗೆ ಪಾಸ್‌ಪೋರ್ಟ್ ತೊಂದರೆಯಿಂದ ಅವರ ಖಾಯಂ ಆಟಗಾರರೇ ಬಂದಿರಲಿಲ್ಲ, ಬಂದವರಲ್ಲಿ ಹುಡುಗರೇ ಜಾಸ್ತಿ. ಖಾಯಂ ತಂಡದಿಂದ ಇದ್ದವನು ಗೋಲ್‌ಕೀಪರ್ ನಿಕಿ ಸಲಾಪು ಒಬ್ಬ. ನಿಮ್ಮ ಅಣ್ಣನ ಮಗನಿಗೆ ಈ ಹೆಸರು ಹೇಳಿ. ಆ 31 ತಿಂದವನು ಆಟ ಬಿಡಲಿಲ್ಲ. ಹತ್ತು ವರ್ಷ ಕಳೆದು 2011ರಲ್ಲಿ ಅಮೆರಿಕನ್ ಸಮೋವಾ ಟೊಂಗಾವನ್ನು 2-1ರಿಂದ ಸೋಲಿಸಿ ಫಿಫಾ ಲೆಕ್ಕದ ಪಂದ್ಯದಲ್ಲಿ ಮೊದಲ ಸಲ ಗೆದ್ದಾಗ ಗೋಲಿನಲ್ಲಿ ನಿಂತಿದ್ದವನು ಅವನೇ. ಟೊಂಗಾ ಏನು ದೊಡ್ಡ ತಂಡವಾ? 22 ತಿಂದ ತಂಡ. ಆ ಗೆಲುವನ್ನು ಸಣ್ಣದು ಅನ್ನಲು ನನಗಂತೂ ಬಾಯಿ ಬರಲ್ಲ.

ನಿಮ್ಮ ಹುಡುಗರ ಕಥೆಗೆ ಪಕ್ಕಾ ಹೊಂದುವ ಇನ್ನೊಂದು ಕಥೆ ಹಾಕಿಯಲ್ಲೇ ಇದೆ. 2018ರ ಏಷ್ಯನ್ ಗೇಮ್ಸ್, ಜಕಾರ್ತಾ. ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಇದ್ದ ಭಾರತ ತಂಡ. ಇಂಡೊನೇಷ್ಯಾಗೆ 17-0, ಹಾಂಗ್‌ಕಾಂಗ್‌ಗೆ 26-0, ಜಪಾನ್‌ಗೆ 8-0, ಕೊರಿಯಾಗೆ 5-3, ಶ್ರೀಲಂಕಾಗೆ 20-0. ಐದು ಪಂದ್ಯ, 76 ಗೋಲು. ಸೆಮಿಫೈನಲ್‌ನಲ್ಲಿ ಮಲೇಷ್ಯಾ ಎದುರು 2-2, ಶೂಟೌಟ್‌ನಲ್ಲಿ ಸೋಲು. ಚಿನ್ನ ಹೋಯಿತು. ಆಗಲೂ ಅಂದರು, ಹಾಂಗ್‌ಕಾಂಗ್‌ಗೆ ಹೊಡೆಯೋದಲ್ಲ ಅಂತ. ಆದರೆ ಆ 76ರೊಳಗೆ ಕೊರಿಯಾ ಎದುರಿನ ಐದು ಇತ್ತು, ಅದನ್ನು ಯಾರೂ ಎತ್ತಿ ಹೇಳಲಿಲ್ಲ. 26-0 ಅನ್ನೋ ಅಂಕಿ ಒಳ್ಳೆಯ ಗೆಲುವನ್ನೂ ಮುಚ್ಚಿಹಾಕಿತು. ದೊಡ್ಡ ಅಂಕಿಯ ತೊಂದರೆ ಇದೇ, ಅದರ ನೆರಳಲ್ಲಿ ಬೇರೇನೂ ಬೆಳೆಯಲ್ಲ.

ಈಗ ಯಾರಾದರೂ ಕೇಳುತ್ತಾರೆ, ಹಾಗಾದರೆ ಐದಾದ ಮೇಲೆ ನಿಲ್ಲಿಸಬೇಕಿತ್ತಾ ಅಂತ. ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ಒಂದು ಇಂಟರ್‌ಸ್ಕೂಲ್ ಪಂದ್ಯದಲ್ಲಿ 7-0 ಆದಾಗ ಸಾಕು, ಇನ್ನು ಹೊಡೆಯಬೇಡಿ ಅಂತ ಗೆರೆ ಆಚೆಯಿಂದ ಕೂಗಿದೆ. ದೊಡ್ಡ ಮನಸ್ಸು ಅಂದುಕೊಂಡೆ. ನಮ್ಮ ಹುಡುಗರು ಏನು ಮಾಡಿದರು ಗೊತ್ತಾ, ನಡು ಮೈದಾನದಲ್ಲಿ ಚೆಂಡು ಅವನಿಗೆ ಇವನು ಇವನಿಗೆ ಅವನು ಕೊಡುತ್ತಾ ಕಿಸಿಕಿಸಿ ನಗೋಕೆ ಶುರು ಮಾಡಿದರು, ಎದುರಿನ ಹುಡುಗರು ನಾಯಿಮರಿಗಳ ಹಾಗೆ ಅದರ ಹಿಂದೆ ಓಡುತ್ತಿದ್ದರು, ನೋಡೋಕೆ ಬಂದವರು ಒಂದೊಂದು ಪಾಸಿಗೂ ಓಓ ಅಂತ ಕೂಗುತ್ತಿದ್ದರು. ಮುಗಿದ ಮೇಲೆ ಎದುರಿನ ತಂಡದ ಮೇಷ್ಟ್ರು ಬಂದು ಕೈ ಕುಲುಕಿ, 'ಸರ್, ಅದಕ್ಕಿಂತ ಇನ್ನೂ ನಾಲ್ಕು ಹೊಡೆಸಿಬಿಡಬಹುದಿತ್ತು' ಅಂದರು. ಸಿಟ್ಟಿನಿಂದ ಅಲ್ಲ, ಮೆಲ್ಲಗೆ. ನನ್ನ ಮುಖ ಎಲ್ಲಿಡಲಿ ಅಂತಾಯಿತು.

ಅವತ್ತಿಂದ ನನ್ನ ಪದ್ಧತಿ ಬೇರೆ. ದೊಡ್ಡ ಅಂತರ ಆದ ಮೇಲೆ ಬೆಂಚಿನಲ್ಲಿ ಕೂತವರನ್ನೆಲ್ಲ ಇಳಿಸುತ್ತೇನೆ. ಇವರಿಗೆ ಅವಕಾಶ ಸಿಗೋದೇ ಇಂಥ ಪಂದ್ಯದಲ್ಲಿ, ಪಾಪ, ವರ್ಷವಿಡೀ ನೀರಿನ ಬಾಟಲಿ ಹಿಡಿದುಕೊಂಡೇ ಇರುತ್ತಾರೆ. ಬಲಗಾಲಿನವನಿಗೆ ಎಡಗಾಲಲ್ಲಿ ಮಾತ್ರ ಹೊಡಿ ಅನ್ನುತ್ತೇನೆ. ಎರಡು ಟಚ್‌ಗಿಂತ ಜಾಸ್ತಿ ಇಲ್ಲ ಅನ್ನುತ್ತೇನೆ. ಆಟ ಆಟವಾಗಿಯೇ ನಡೆಯುತ್ತದೆ. ಎದುರಿನವರನ್ನು ಆಟಗಾರರು ಅಂತ ನೋಡಿ ಆಡಿದ ಹಾಗೂ ಆಯಿತು, ನಮ್ಮವರಿಗೆ ಕಲಿತ ಹಾಗೂ ಆಯಿತು. ಗೋಲು ಬಂದರೆ ಬರಲಿ, ಆದರೆ ಜೆರ್ಸಿ ಬಿಚ್ಚಿ ಕುಣಿಯೋದು ಇಲ್ಲ, ಚೆಂಡು ತಂದು ನಡುವೆ ಇಟ್ಟು ಬರಬೇಕು.

ಇನ್ನು ನಿಮ್ಮ ಗೋಲ್‌ಕೀಪರ್. 7-0 ಇದ್ದಾಗ ಬಿದ್ದ ಆ ಒಂದು ಗೋಲಿನ ಬಗ್ಗೆ ನೀವು ಬರೆದದ್ದನ್ನು ಓದಿ ನಾನು ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಆಡಿಕೊಳ್ಳೋರಿಗೆ ಗೊತ್ತಿಲ್ಲ, ಬಲ ಇಲ್ಲದ ತಂಡದ ಎದುರು ಅತಿ ಕಷ್ಟದ ಜಾಗ ಅಂದರೆ ಗೋಲ್‌ಕೀಪರ್‌ದು. ಅರ್ಧ ಗಂಟೆ ಚೆಂಡೇ ಬರಲ್ಲ. ಮಳೆಯಲ್ಲಿ ನಿಂತು ನಿಂತು ಮೈ ತಣ್ಣಗಾಗುತ್ತದೆ, ಗ್ಲೌಸ್ ಒದ್ದೆ, ಮನಸ್ಸು ಎಲ್ಲೋ. ಆಮೇಲೆ ಒಂದೇ ಒಂದು ಚೆಂಡು ಬರುತ್ತದೆ, ಅದು ಒಬ್ಬನೇ ಓಡಿ ಬಂದವನ ಕಾಲಲ್ಲಿ. ಎದುರಿಗೆ ನಮ್ಮ ಡಿಫೆಂಡರ್ ಯಾರೂ ಇಲ್ಲ, ಅವರೆಲ್ಲ ಎಂಟನೇ ಗೋಲು ಹೊಡೆಯೋಕೆ ಮೇಲೆ ಹೋಗಿದ್ದಾರೆ. 7-0 ಇದ್ದಾಗ ಬಿದ್ದ ಗೋಲು ಹತ್ತರಲ್ಲಿ ಒಂಬತ್ತು ಸಲ ಕೀಪರ್‌ದಲ್ಲ, ಹಿಂದೆ ನಿಲ್ಲಬೇಕಾದವರು ನಿಲ್ಲದೆ ಹೋದದ್ದು.

ನನಗೆ ಒಂದು ಅನುಮಾನ ಇದೆ, ತಪ್ಪಿದ್ದರೆ ಬರೆಯಿರಿ. ಸೆಮಿಫೈನಲ್‌ನಲ್ಲಿ ಬಿದ್ದ ಗೋಲೂ ಅದೇ ಥರದ್ದಾ? ಇವರು ಮೇಲೆ ಹೋಗಿದ್ದಾಗ ಒಂದು ಉದ್ದ ಚೆಂಡು, ಒಬ್ಬನ ಓಟ, ಮುಗಿಯಿತು. ಹಾಗಿದ್ದರೆ ಆ 8-1ರ ಒಂದು ಗೋಲು ನಿಮಗೆ ಮೊದಲೇ ಚೀಟಿ ಕಳಿಸಿತ್ತು, ಎಂಟರ ಗದ್ದಲದಲ್ಲಿ ಯಾರೂ ಓದಲಿಲ್ಲ. ಹುಡುಗರ ಬಗ್ಗೆ ನನ್ನ ದೂರು ಇದ್ದರೆ ಇದೊಂದೇ, ಅದೂ ಹುಡುಗರ ಮೇಲಲ್ಲ, ಆಡಿಸಿದವರ ಮೇಲೆ.

ಇನ್ನು 0-0ರ ಲೆಕ್ಕ. ಅವನನ್ನೇ ಕೂರಿಸಿ ಕೇಳಿ, ಮೂರೂ ಪಂದ್ಯದಲ್ಲಿ ಮೊದಲ ಗೋಲು ಎಷ್ಟನೇ ನಿಮಿಷಕ್ಕೆ ಬಂತು, ಹೇಗೆ ಬಂತು ಅಂತ. ಕೀಪರ್‌ಗೆ ಎಲ್ಲ ಕಾಣುತ್ತಿರುತ್ತದೆ, ಎಲ್ಲ ನೆನಪಿರುತ್ತದೆ. ಆಡಿ ಕಟ್ಟಿ ತಂದ ಗೋಲಾಗಿದ್ದರೆ, ಕಾರ್ನರ್‌ನಿಂದ ಅಭ್ಯಾಸ ಮಾಡಿದ ಹಾಗೆಯೇ ಬಂದಿದ್ದರೆ, ಸೆಮಿಫೈನಲ್‌ವರೆಗೆ ಹೋಗಿದ್ದು ಸರಿಯಾಗಿಯೇ ಹೋಗಿದ್ದು, ಯಾರು ಏನಂದರೂ ಕಿವಿಗೆ ಹಾಕಿಕೊಳ್ಳಬೇಡಿ. ಎದುರಿನ ಕೀಪರ್ ಕೈಯಿಂದ ಜಾರಿ ಜಾರಿ ಬಿದ್ದವೇ ಆಗಿದ್ದರೆ, ಊರವರ ಮಾತಲ್ಲಿ ಕಾಲು ಭಾಗ ನಿಜ ಇದೆ. ಕಾಲು ಭಾಗ, ಅಷ್ಟೇ.

ಅವನಿಗೆ ಒಂದು ಅಭ್ಯಾಸ ಹೇಳಿಕೊಡುತ್ತೇನೆ. ಚೆಂಡು ಆ ತುದಿಯಲ್ಲಿದ್ದಾಗ ಗೋಲ್ ಗೆರೆಗೆ ಅಂಟಿಕೊಂಡು ನಿಲ್ಲಬಾರದು, ಬಾಕ್ಸಿನ ಅಂಚಿಗೆ ಬರಬೇಕು, ಉದ್ದ ಚೆಂಡು ಬಂದರೆ ತಾನೇ ಓಡಿ ಒದೆಯುವಷ್ಟು ಮುಂದೆ. ಬಾಯಿ ಮುಚ್ಚಿರಬಾರದು, ಹಿಂದೆ ಉಳಿಯಬೇಕಾದ ಇಬ್ಬರ ಹೆಸರು ಹಿಡಿದು ಕೂಗುತ್ತಲೇ ಇರಬೇಕು. ಕೂಗುತ್ತಾ ಇದ್ದರೆ ಅವರಿಗೂ ನೆನಪಿರುತ್ತದೆ, ಇವನಿಗೂ ನಿದ್ದೆ ಬರಲ್ಲ. ಪ್ರಾಕ್ಟೀಸ್‌ನಲ್ಲಿ ಇಪ್ಪತ್ತು ನಿಮಿಷ ಅವನಿಗೆ ಒಂದೂ ಚೆಂಡು ಕೊಡದೆ ನಿಲ್ಲಿಸಿ, ಆಮೇಲೆ ಹೇಳದೆ ಕೇಳದೆ ಒಬ್ಬನನ್ನು ಚೆಂಡು ಕೊಟ್ಟು ಓಡಿಸಿ. ಮೊದಮೊದಲು ಬೈದುಕೊಳ್ಳುತ್ತಾನೆ. ಮಾಡಿಸಿ. ಗ್ಲೌಸ್ ಒಣಗಿಸಲು ಮಾತ್ರ ಒಲೆ ಮೇಲಿನ ಅಟ್ಟಕ್ಕೆ ಹಾಕಲು ಬಿಡಬೇಡಿ, ಅಂಗೈ ಗಟ್ಟಿಯಾಗಿ ಚೆಂಡು ಹಿಡಿಯಲ್ಲ. ನೆರಳಲ್ಲಿ ಗಾಳಿಗೆ ನೇತುಹಾಕಿ, ಈ ಮಳೆಯಲ್ಲಿ ಎರಡು ದಿನ ಹಿಡಿಯುತ್ತದೆ.